ನಮ್ಮವರ ಚಂದ ಮತ್ತು ಭವ್ಯ

ನಮ್ಮ ಯಜಮಾನರಿಗೆ ತಲೆ ನೆಟ್ಟಗಿಲ್ಲ ಎಂದು ಮೊದಲು ಹೇಳಿದವಳು ನಾನಲ್ಲ. ಅವರನ್ನು ಹೆತ್ತ ತಾಯಿ! ಮದುವೆಯಾಗಿ ಮನೆ ತುಂಬಿದ ದಿನವೇ ನನ್ನ ಅತ್ತೆ ನನ್ನನ್ನು ಒಲೆಯ ಹತ್ತಿರ ಕೂರಿಸಿಕೊಂಡು, "ನೋಡು ಮಗಾ, ನನ್ನ ಮಗ ಕುಡಿಯೋದಿಲ್ಲ, ಇಸ್ಪೀಟು ಮುಟ್ಟೋದಿಲ್ಲ, ಕೈ ಎತ್ತೋದಿಲ್ಲ. ಆದ್ರೆ ತಲೆ ಒಂಚೂರು ಆಚೆ ಈಚೆ ಅದೆ. ಉಣ್ಣೋಕೆ ಕೂತಾಗ ಎಂಥದಾದ್ರೂ ಕೇಳಿದ್ರೆ ಹೂಂ ಅಂದ್ಬಿಡು. ಇಲ್ಲಾಂದ್ರೆ ಸಾರು ಆರಿ ನೀರಾಗ್ತದೆ" ಎಂದರು. ನಾನು ಕಳಸದ ಅಂಗಡಿಯವರ ಮಗಳು. ಮಾಲಿನ ಕೊರತೆಯನ್ನು ಇಷ್ಟು ಪ್ರಾಮಾಣಿಕವಾಗಿ ಹೇಳುವ ವ್ಯಾಪಾರಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ತೊಂದರೆ ಒಂದೇ. ಅವರು ಅದನ್ನು ಹೇಳಿದ್ದು ವ್ಯಾಪಾರ ಮುಗಿದ ಮೇಲೆ!

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ಈಗ ಅವರಿಲ್ಲ. ಹೇಳಿದರೆ ಯಾರ ಆಯುಸ್ಸಿಗೂ ನಷ್ಟವಿಲ್ಲ. ಆದರೂ ನಾಲಿಗೆ ಏಳುವುದಿಲ್ಲ, ಏನು ಮಾಡಲಿ?

ನಾನು ಹೆಚ್ಚು ಓದಿದವಳಲ್ಲ. ಕನ್ನಡ ಶಾಲೆಯಲ್ಲಿ ಕಲಿತದ್ದಷ್ಟೇ. ಸೌಂದರ್ಯ ಎಂದರೇನು, ಮನುಷ್ಯನ ಮನಸ್ಸಿನಲ್ಲಿ ಭಾವ ಹುಟ್ಟುವುದು ಎಲ್ಲಿಂದ ಎಂಬುದೆಲ್ಲ ಪಂಡಿತರು ಬರೆಯಬೇಕಾದ ವಿಷಯ. ಆದರೆ ನಾನು ಆ ವಿಷಯದ ಜೊತೆಗೇ ಸಂಸಾರ ಮಾಡಿದವಳು. ಅದಕ್ಕೆ ಅನ್ನ ಬಡಿಸಿದ್ದೇನೆ, ಅದರ ಪಂಚೆ ಒಗೆದಿದ್ದೇನೆ. ಆದ್ದರಿಂದ ಒಂದೆರಡು ಮಾತು ಹೇಳುವ ಹಕ್ಕು ನನಗೂ ಇರಬಹುದು.

ನಮ್ಮವರು ಬಾಳೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದರು. ಆಳುಗಳ ಹಾಜರಿ ಹಿಡಿಯುವುದು, ಹಣ್ಣಿನ ತೂಕ ನೋಡುವುದು, ಕಣದಲ್ಲಿ ಒಣಗುವ ಸಿಪ್ಪೆ ಸುಲಿದ ಬೀಜದ, ಅಂದರೆ ಪಾರ್ಚ್‌ಮೆಂಟಿನ ಮೇಲೆ ಕಣ್ಣಿಡುವುದು ಅವರ ಕೆಲಸ. ಎಸ್ಟೇಟಿನ ಯಜಮಾನ ಒಬ್ಬ ಬಿಳಿಯ ದೊರೆ. ನಮ್ಮವರಿಗೆ ಅಷ್ಟಿಷ್ಟು ಇಂಗ್ಲಿಷು ಬರುತ್ತಿದ್ದುದರಿಂದ ದೊರೆ ಎಲ್ಲಿಗೆ ಹೊರಟರೂ ಇವರನ್ನು ಜೊತೆಗೆ ಕರೆದೊಯ್ಯುತ್ತಿದ್ದ. ಒಂದು ದಿನ ದೊರೆ ಕುದುರೆಯ ಮೇಲೆ, ಇವರು ಊಟದ ಬುಟ್ಟಿ ಹೊತ್ತು ಕಾಲ್ನಡಿಗೆಯಲ್ಲಿ, ದೇವರಮನೆ ಗುಡ್ಡಕ್ಕೆ ಹೋದರಂತೆ. ಹುಲ್ಲಿನ ಬೋರೆ ಮುಗಿದು ನೆಲವೇ ಇಲ್ಲದಂತಾಗುವ ಜಾಗವೊಂದು ಅಲ್ಲಿದೆ. ಕೆಳಗೆ ಘಟ್ಟ, ಕಾಡು, ಮಂಜು. ಅದರ ಅಂಚಿನಲ್ಲಿ ನಿಂತ ದೊರೆಗೆ ಇದ್ದಕ್ಕಿದ್ದಂತೆ ಜ್ಞಾನ ಉಕ್ಕಿತು. ಎದುರಿಗೆ ಬೇರೆ ಶಿಷ್ಯರಿಲ್ಲದ್ದರಿಂದ ನಮ್ಮವರಿಗೇ ಉಪದೇಶ ಮಾಡಿದ.

ಚಿಕ್ಕದಾಗಿ, ನಯವಾಗಿ, ಮೆತ್ತಗೆ ಇರುವುದನ್ನು ಕಂಡರೆ ಮನುಷ್ಯನಿಗೆ ಪ್ರೀತಿ ಬರುತ್ತದಂತೆ. ಹೂವು, ಹಸುಗೂಸು, ಒಳ್ಳೆಯ ಪಿಂಗಾಣಿ ಬಟ್ಟಲು. ಅದು ಒಂದು ಬಗೆ. ಆದರೆ ಅಂಚಿಲ್ಲದ್ದು, ಆಳ ತಿಳಿಯದ್ದು, ನೋಡಿದರೆ ಮೊಣಕಾಲು ನಡುಗುವಂಥದ್ದು ಎದುರಿಗಿದ್ದು, ನಾವು ಮಾತ್ರ ಅಪಾಯವಿಲ್ಲದ ಜಾಗದಲ್ಲಿ ನಿಂತಿದ್ದರೆ, ಆ ನಡುಕವೇ ಸಂತೋಷವಾಗಿ ತಿರುಗುತ್ತದಂತೆ. ಅದು ಇನ್ನೊಂದು ಬಗೆ. ಎರಡನ್ನೂ ಒಂದೇ ಮಾತಿನಿಂದ ಕರೆಯುವುದು ಮೂರ್ಖತನವಂತೆ. ದೊರೆ ಇನ್ನೂ ಬಹಳ ಹೇಳಿದನಂತೆ. ದೇವರಮನೆಯ ಗಾಳಿ ಗೊತ್ತಲ್ಲ? ಅರ್ಧ ಉಪದೇಶ ಗಾಳಿಗೆ ಹಾರಿ ಘಟ್ಟದ ಕೆಳಗೆ ಹೋಯಿತು. ಉಳಿದರ್ಧವನ್ನು ನಮ್ಮವರು ಸ್ವಂತ ಬುದ್ಧಿಯಿಂದ ತುಂಬಿಕೊಂಡರು. ತೊಂದರೆ ಶುರುವಾದದ್ದು ಆ ಎರಡನೆಯ ಅರ್ಧದಿಂದ.

ಆ ಗುಂಗಿನಲ್ಲಿ ಊಟದ ಬುಟ್ಟಿಯನ್ನು ಬಂಡೆಯ ಮೇಲೆಯೇ ಮರೆತು ಬಂದರು. ಅರ್ಧ ದಾರಿಯಲ್ಲಿ ದೊರೆಗೆ ಹಸಿವಾಗಿ ಬುಟ್ಟಿ ಕೇಳಿದ. ಆಗ ದೊರೆ ಹೇಳಿದ ಇಂಗ್ಲಿಷ್ ಮಾತುಗಳನ್ನು ಮಾತ್ರ ನಮ್ಮವರು ಯಾವತ್ತೂ ಕನ್ನಡಕ್ಕೆ ತರಲಿಲ್ಲ.

ಅಂದಿನಿಂದ ಅವರ ಪಾಲಿಗೆ ಲೋಕ ಎರಡು ಪಾಲಾಯಿತು. ಮೊದಲನೆಯದಕ್ಕೆ ಚಂದ ಎಂದು ಹೆಸರಿಟ್ಟರು. ಎರಡನೆಯದಕ್ಕೆ, ಯಾವುದೋ ಹರಿಕಥೆಯಲ್ಲಿ ಕೇಳಿದ್ದ ಮಾತು ತಂದು, ಭವ್ಯ ಎಂದರು. ಕಲ್ಲು ಕಂಡರೂ ಬಿಡಲಿಲ್ಲ, ಕಸ ಕಂಡರೂ ಬಿಡಲಿಲ್ಲ. ಹಲಸಿನ ಹಣ್ಣು? ಹೊರಗೆ ಭವ್ಯ, ಒಳಗೆ ಚಂದ. ದೊರೆಯ ಟೋಪಿ? ಚಂದ. ದೊರೆ? ಎರಡೂ ಅಲ್ಲ, ಸಂಬಳ ಕೊಡುವವನು. ಪಾರ್ಚ್‌ಮೆಂಟ್ ಕಾಳನ್ನು ಹಲ್ಲಿನಲ್ಲಿ ಕಚ್ಚಿ, ಒಣಗಿದೆ, ಇಲ್ಲ ಎಂದು ಹೇಳುವಷ್ಟೇ ಬೇಗ ಇದನ್ನೂ ಹೇಳಿಬಿಡುತ್ತಿದ್ದರು. ಯೋಚನೆ ಮಾಡಿದ್ದನ್ನು ಕಂಡವರಿಲ್ಲ.

ಇಂಥವರು ನನ್ನನ್ನು ನೋಡಲು ಕಳಸಕ್ಕೆ ಬಂದರು!

ನನ್ನ ವಿಷಯವನ್ನೂ ಒಂದಿಷ್ಟು ಹೇಳಬೇಕು. ನಾನು ಕಪ್ಪು. ಅದಕ್ಕಿಂತ ಹೆಚ್ಚಾಗಿ ಎತ್ತರ. ನಮ್ಮ ಅಂಗಡಿಯ ಅಟ್ಟದಲ್ಲಿದ್ದ ಬೆಲ್ಲದ ಡಬ್ಬಿಯನ್ನು ಏಣಿಯಿಲ್ಲದೆ ಇಳಿಸುತ್ತಿದ್ದೆ. ಅಂಗಡಿಗೆ ಇದರಿಂದ ಅನುಕೂಲವಿತ್ತು, ಮದುವೆಗೆ ಇರಲಿಲ್ಲ. ನಮ್ಮ ಮನೆಗಳಲ್ಲಿ ಒಂದು ಪದ್ಧತಿ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿನ್ನಬಹುದು, ಕಾಫಿ ಕುಡಿಯಬಹುದು, ಎಲೆಯಡಿಕೆ ಹಾಕಬಹುದು. ಅದಕ್ಕೆಲ್ಲ ಏನೂ ಅರ್ಥವಿಲ್ಲ. ಆದರೆ ಸಿಹಿ ಮುಟ್ಟಿದರೆ ಹುಡುಗಿ ಒಪ್ಪಿಗೆ ಎಂದೇ ಲೆಕ್ಕ. ಒಪ್ಪಿಗೆ ಇಲ್ಲದವರು ಸಿಹಿಯ ತಟ್ಟೆಯನ್ನು ಮೆಲ್ಲಗೆ ಅತ್ತ ಸರಿಸಿ, "ಹೊಟ್ಟೆ ತುಂಬಿತು" ಎನ್ನುತ್ತಾರೆ. ಇಬ್ಬರಿಗೂ ಅವಮಾನವಿಲ್ಲ. ನನ್ನನ್ನು ನೋಡಲು ಮೊದಲು ಬಂದವರಿಗೆಲ್ಲ ಹೀಗೇ ಹೊಟ್ಟೆ ತುಂಬಿತ್ತು. ಅವರು ಹೋದ ಮೇಲೆ ಉಳಿದ ಕಾಯಿ ಹೋಳಿಗೆಯನ್ನು ನಾನೇ ತಿನ್ನುತ್ತಿದ್ದೆ. ದುಃಖಕ್ಕೂ ಹೋಳಿಗೆಗೂ ದ್ವೇಷವಿಲ್ಲವಲ್ಲ!

ನಮ್ಮವರು ಬಂದು ಚಾಪೆಯ ಮೇಲೆ ಕೂತರು. ಗಿಡ್ಡ ಆಳು, ದೊಡ್ಡ ಕಿವಿ. ನಾನು ಕಾಫಿ ತಂದಿಟ್ಟು, ಎಷ್ಟು ಸಾಧ್ಯವೋ ಅಷ್ಟು ಬಗ್ಗಿ, ನಮಸ್ಕಾರ ಮಾಡಿ ಒಳಗೆ ಬಂದು ಬಾಗಿಲ ಸಂದಿಗೆ ಕಿವಿಯಿಟ್ಟೆ. ಅವರ ಸೋದರಮಾವ ಕೇಳಿದರು:

"ಏನೋ, ನೋಡಿದ್ಯಲ್ಲ, ಹುಡುಗಿ ಹೆಂಗೆ?"

ನಮ್ಮವರು ಕಾಫಿ ಆರುವಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು:

"ಚಂದ ಅಂತ ಹೇಳೋಕಾಗೋದಿಲ್ಲ ಮಾವ."

ಒಳಗೆ ನನ್ನ ಅವ್ವ ಸೆರಗನ್ನು ಬಾಯಿಗೆ ಹಿಡಿದುಕೊಂಡಳು. ನಾನು ಮನಸ್ಸಿನಲ್ಲೇ ಉಳಿದ ಹೋಳಿಗೆಗೆ ಸಿದ್ಧಳಾದೆ. ಅಷ್ಟರಲ್ಲಿ ಸಂದಿಯಿಂದ ನೋಡುತ್ತೇನೆ, ಅವರ ಕೈ ಹೋಳಿಗೆಯ ತಟ್ಟೆಯ ಮೇಲಿದೆ! ಒಂದನ್ನು ತಿಂದು ಮುಗಿಸಿದ್ದಾರೆ, ಇನ್ನೊಂದನ್ನು ಮಡಚುತ್ತಿದ್ದಾರೆ. ಬಾಯಿ ಒಲ್ಲೆ ಎನ್ನುತ್ತಿದೆ, ಅದೇ ಬಾಯಿಯೊಳಗೆ ಹೋಳಿಗೆ ಹೋಗುತ್ತಿದೆ. ಇದಕ್ಕೆ ಏನರ್ಥ? ನನ್ನ ಅಪ್ಪಯ್ಯ ಅಂಗಡಿಯಲ್ಲಿ ಎಂಥೆಂಥ ಗಿರಾಕಿಗಳನ್ನು ಕಂಡವರು. ಮಾಲು ಚೆನ್ನಾಗಿಲ್ಲ ಎಂದು ಹೇಳುತ್ತ ಅದನ್ನೇ ತಿನ್ನುತ್ತ ಕೂರುವ ಗಿರಾಕಿಯನ್ನು ಕಂಡಿರಲಿಲ್ಲ.

"ಅಲ್ಲ ರೈಟ್ರೇ," ಎಂದರು ಅಪ್ಪಯ್ಯ, ಗಂಟಲು ಸರಿಮಾಡಿಕೊಂಡು, "ಹುಡುಗಿ ಚಂದ ಇಲ್ಲ ಅಂದ್ರಿ. ಮತ್ತೆ ಹೋಳಿಗೆ?"

"ಹೋಳಿಗೆ ಚಂದ ಅದೆ!" ಎಂದರು ನಮ್ಮವರು, ಒಂದು ಕ್ಷಣವೂ ತಡಮಾಡದೆ.

ಸೋದರಮಾವನವರು ತಲೆಯ ಮೇಲೆ ಕೈಹೊತ್ತರು. ಆಗ ಮೂಲೆಯಲ್ಲಿ ಕೂತಿದ್ದ ನನ್ನ ಅಜ್ಜಿ ಎದ್ದು ನಿಂತರು. "ಎಂಥದು ಇದು ಪಂಚಾಯ್ತಿ? ತಿಂದಾತು ತಾನೆ? ತಿಂದ ಹೋಳಿಗೆ ವಾಪಸ್ ಬರ್ತದನಾ? ಹೋಗೇ, ತಾಂಬೂಲದ ತಟ್ಟೆ ತಾ!" ಎಂದು ಅವ್ವನನ್ನು ದಬಾಯಿಸಿದರು. ನನ್ನ ಮದುವೆ ನಿಶ್ಚಯವಾದದ್ದು ಹೀಗೆ. ಹುಡುಗ ಒಪ್ಪಿದನೋ ಇಲ್ಲವೋ ಎಂದು ಎರಡು ಮನೆಯವರಿಗೂ ಗೊತ್ತಿರಲಿಲ್ಲ. ನನಗಂತೂ ಗೊತ್ತೇ ಇರಲಿಲ್ಲ.

ಅಂದಿನಿಂದ ನನ್ನ ಮನಸ್ಸಿನಲ್ಲಿ ಒಂದು ಮುಳ್ಳು ಕೂತಿತು. ಹೋಳಿಗೆಯನ್ನು ಚಂದ ಅಂದವರು, ಟೋಪಿಯನ್ನು ಚಂದ ಅಂದವರು, ನನ್ನನ್ನು ಏನೆಂದುಕೊಂಡಿದ್ದಾರೆ? ಬೇರೇನೂ ಬೇಡ. ಸೀರೆ ಬೇಡ, ಸರ ಬೇಡ. ಆ ಒಂದು ಮಾತು ಅವರ ಬಾಯಿಂದ ಬಂದರೆ ಸಾಕು ಎಂದು ಕಾದೆ. ನಗುವವರು ನಗಲಿ. ಕನ್ನಡಿಯ ಮುಂದೆ ನಿಂತ ಪ್ರತಿಯೊಬ್ಬ ಹೆಂಗಸಿಗೂ ಗೊತ್ತು, ಇದು ನಗುವ ವಿಷಯವಲ್ಲ.

ಮೊದಲು ತರ್ಕದಿಂದ ಪ್ರಯತ್ನಿಸಿದೆ. ಅವರದೇ ಒಂದು ಸೂತ್ರವಿತ್ತು: ಯಾವುದನ್ನು ಕಂಡರೆ ಮನೆಗೆ ತಂದಿಟ್ಟುಕೊಳ್ಳೋಣ ಅನ್ನಿಸುತ್ತದೋ ಅದು ಚಂದ. ಯಾವುದನ್ನು ಕಂಡರೆ ಮನೆಯೇ ಮರೆತುಹೋಗುತ್ತದೋ ಅದು ಭವ್ಯ. ಒಂದು ಸಂಜೆ ಅಕ್ಕಿ ಆರಿಸುತ್ತ ಕೇಳಿದೆ:

"ಇಲ್ಲಿ ಕೇಳಿ. ಮನೆಗೆ ತಂದಿಟ್ಟುಕೊಂಡದ್ದು ಚಂದ ಅಲ್ವಾ?"

"ಹೌದು."

"ನನ್ನನ್ನು ಮನೆಗೆ ತಂದಿಟ್ಟುಕೊಂಡಿದ್ದೀರಿ ಅಲ್ವಾ?"

ಅವರು ಗಾಬರಿಯಾಗಿ ನನ್ನ ಮುಖ ನೋಡಿದರು. "ನಿನ್ನನ್ನ ತಂದದ್ದು ನಾನಲ್ಲ ಮಾರಾಯ್ತಿ, ನಮ್ಮ ಅವ್ವ!" ಎಂದು ಎದ್ದು ಕಣದ ಕಡೆ ಹೋದರು. ಒಳಗಿನಿಂದ ಅತ್ತೆ, "ತಂದದ್ದು ನಾನೇ, ಸಾಕೋದು ಮಾತ್ರ ನೀನೇ ಕಣೋ!" ಎಂದು ಕೂಗಿದರು.

ಆಮೇಲೆ ಅಲಂಕಾರದಿಂದ ಪ್ರಯತ್ನಿಸಿದೆ. ಮೂಡಿಗೆರೆ ಸಂತೆಯಲ್ಲಿ ಬಳೆ ತೊಡಿಸಿಕೊಂಡೆ. ಬಳೆಗಾರ ಮುದುಕ ಒಳ್ಳೆಯವನು, ನನ್ನ ಕಷ್ಟ ತಿಳಿದವನಂತೆ, "ನೋಡಿ ಸ್ವಾಮಿ, ಅಮ್ಮನ ಕೈಗೆ ಹಸಿರು ಬಳೆ ಎಷ್ಟು ಚಂದ ಕಾಣ್ತದೆ!" ಎಂದ. ನಮ್ಮವರು ಬಗ್ಗಿ ನೋಡಿದರು. ನಾನು ಕೈಯನ್ನು ಇನ್ನಷ್ಟು ಮುಂದೆ ಚಾಚಿದೆ. "ಹೌದು ಮಾರಾಯ," ಎಂದರು, "ಬಳೆ ಚಂದ ಅದೆ."

ಹಿಂಗಾರು ಹೋಗಿ, ಚಳಿ ಹೋಗಿ, ಹೂಮಳೆ ಬಿದ್ದರೆ ನಮ್ಮ ಗುಡ್ಡಗಳಲ್ಲಿ ಕಾಫಿ ಅರಳುತ್ತದೆ. ಕಣ್ಣು ಹೋದಷ್ಟು ದೂರ ಬಿಳಿ. ವಾಸನೆಗೆ ತಲೆ ತಿರುಗುತ್ತದೆ. ಒಂದು ವರ್ಷ ಹೀಗೆ ಅರಳಿ ನಿಂತಾಗ ಮೇಸ್ತ್ರಿ ನಮ್ಮ ಮನೆಯ ಮುಂದೆ ನಿಂತು ಕೈಮುಗಿದ. ಮೇಸ್ತ್ರಿ ಎಂದರೆ ಆಳುಗಳ ಮೇಲ್ವಿಚಾರಣೆಯವನು, ನಮ್ಮವರ ಸ್ನೇಹಿತ, ಅವರ ಉಪದೇಶದ ಮೊದಲ ಬಲಿ. "ರೈಟ್ರೇ, ಇದು ನಿಮ್ಮ ಭವ್ಯ ಅಲ್ವಾ? ಇವತ್ತಾದ್ರೂ ನಾನು ಸರಿ ಹೇಳಿದ್ನಾ?" ಎಂದ.

"ಅಲ್ಲ ಮಾರಾಯ. ಇದು ಬರೀ ಚಂದ. ಇದನ್ನ ಕಂಡ್ರೆ ಹೆದರಿಕೆ ಆಗ್ತದನಾ?"

"ಆಗ್ತದೆ ರೈಟ್ರೇ. ನಾಳೆ ಆಲಿಕಲ್ಲು ಬಿದ್ರೆ ಇಷ್ಟೂ ಉದುರಿಹೋಗ್ತದಲ್ಲ ಅಂತ."

ನಮ್ಮವರು ಗೊಂದಲದಲ್ಲಿ ಬಿದ್ದು ಆ ದಿನ ಊಟ ಮಾಡಲಿಲ್ಲ. ಅಷ್ಟಾದರೂ ಸಂಜೆಗೆ ಒಂದು ತೀರ್ಮಾನಕ್ಕೆ ಬಂದರು. ಹೂವು ಚಂದ, ಆಲಿಕಲ್ಲು ಭವ್ಯ, ಮೇಸ್ತ್ರಿ ಅಧಿಕಪ್ರಸಂಗಿ.

ಮೇಸ್ತ್ರಿಯ ಎದುರಿನ ಈ ಸೋಲನ್ನು ತೀರಿಸಿಕೊಳ್ಳಲು ದೇವರೇ ಒಂದು ಕಾಟಿಯನ್ನು ಕಳುಹಿಸಿದ. ಕಾಟಿ ಎಂದರೆ ಕಾಡುಕೋಣ. ಕೊಯ್ಲಿನ ಕಾಲ. ಸಂಜೆ ಹಣ್ಣಿನ ಮೂಟೆಗಳು ಸಿಪ್ಪೆ ಸುಲಿಯುವ ಪಲ್ಪರ್ ಮನೆಗೆ ಬಂದಿದ್ದವು. ಕಾಡಂಚಿನಿಂದ ಒಂಟಿ ಕಾಟಿಯೊಂದು ಇಳಿದು, ಕಣದ ನಡುವೆ, ಪಾರ್ಚ್‌ಮೆಂಟಿನ ಮೇಲೆ, ತನ್ನದೇ ಎಸ್ಟೇಟು ಎಂಬಂತೆ ನಿಂತುಕೊಂಡಿತು. ಆಳುಗಳೆಲ್ಲ ಓಡಿ ತಾವು ವಾಸವಿದ್ದ ಲೈನಿನ ಸಾಲುಮನೆಗಳನ್ನು ಸೇರಿ ಬಾಗಿಲು ಹಾಕಿಕೊಂಡರು. ನಮ್ಮವರು ಮಾತ್ರ ಓಡಲಿಲ್ಲ. ಸೂತ್ರದ ಪ್ರಕಾರ ಸುರಕ್ಷಿತವಾದ ಜಾಗದಲ್ಲಿ ನಿಂತು ಹೆದರಬೇಕಲ್ಲ? ಪಲ್ಪರ್ ತೊಟ್ಟಿಯ ಗೋಡೆ ಹತ್ತಿ ನಿಂತು, "ಮೇಸ್ತ್ರಿ! ಬಾ, ನೋಡು! ಭವ್ಯ ಅಂದ್ರೆ ಇದು! ನನ್ನ ಮೊಣಕಾಲು ನಡುಗ್ತಾ ಅದೆ, ಎದೆ ತುಂಬಿ ಬರ್ತಾ ಅದೆ!" ಎಂದು ಕೂಗಿದರು.

"ಇಳೀರಿ ರೈಟ್ರೇ, ನಿಮ್ಮ ಕಾಲು ಹಿಡೀತೀನಿ!" ಎಂದು ಮೇಸ್ತ್ರಿ ಕಿಟಕಿಯಿಂದಲೇ ಅತ್ತ.

ಕಾಟಿ ತಲೆಯೆತ್ತಿ ಒಮ್ಮೆ ಬುಸ್ ಎಂದಿತು. ಅಷ್ಟೇ. ನಮ್ಮವರು ಹಿಂದಕ್ಕೆ ವಾಲಿದರು. ಹಿಂದೆ ಇದ್ದದ್ದು ಸಿಪ್ಪೆ ಸುಲಿದ ಕಾಫಿಯ ಲೋಳೆ ತುಂಬಿದ ತೊಟ್ಟಿ. ಕುತ್ತಿಗೆಯವರೆಗೆ ಮುಳುಗಿದರು. ಕಾಟಿಗೆ ನಾಚಿಕೆಯಾಯಿತೋ ಏನೋ, ಬಂದ ದಾರಿಯಲ್ಲೇ ಹೋಯಿತು. ನಾವೆಲ್ಲ ಓಡಿ ಹೋಗಿ ಎತ್ತುವಾಗ, ಕಿವಿಯಿಂದ ಲೋಳೆ ಇಳಿಯುತ್ತಿದ್ದ ನಮ್ಮವರು ನನ್ನ ಕೈ ಹಿಡಿದು ಮೊದಲು ಹೇಳಿದ ಮಾತು:

"ಕೊನೇಲಿ ಬಂದದ್ದು ಭವ್ಯ ಅಲ್ಲ ಕಣೇ. ಬರೀ ಭಯ. ಎರಡಕ್ಕೂ ನಡುವೆ ಒಂದು ಗೋಡೆ ಅದೆ. ನಾನು ಆ ಗೋಡೆಯಿಂದ ಬಿದ್ದೆ."

ಅಂಟುವಾಳದ ಕಾಯಿ ಹಾಕಿ ಎಷ್ಟು ತಿಕ್ಕಿದರೂ ಬಹಳ ದಿನ ಅವರ ಮೈಯಿಂದ ಹುಳಿ ವಾಸನೆ ಹೋಗಲಿಲ್ಲ. ಅತ್ತೆ, "ಇವನಪ್ಪನೂ ಹಿಂಗೇ. ನಕ್ಷತ್ರ ನೋಡ್ಕೊಂಡು ಹೋಗಿ ಗೊಬ್ಬರದ ಗುಂಡೀಲಿ ಬಿದ್ದಿದ್ರು. ಇವನು ವಾಸಿ, ಕಾಫೀಲಿ ಬಿದ್ದ" ಎಂದು ಸಮಾಧಾನಪಟ್ಟರು.

ಚಂದ, ಭವ್ಯ ಸಾಲದೆಂದು ಮುಂದೆ ಅಳುವಿನ ವಿಚಾರಕ್ಕೆ ಕೈಹಾಕಿದರು. ಜನ ದುಡ್ಡು ಕೊಟ್ಟು, ಚಾಪೆ ಹಾಸಿಕೊಂಡು ಕೂತು, ಕಥೆ ಕೇಳಿ ಅಳುತ್ತಾರೆ. ಮನೆಯಲ್ಲಿ ಅಳು ಬಂದರೆ ದುಃಖ, ಹರಿಕಥೆಯಲ್ಲಿ ಬಂದರೆ ಸಂತೋಷ. ಇದು ಹೇಗೆ? ಬಾಳೂರಿನಲ್ಲಿ ಒಮ್ಮೆ ಹರಿಕಥೆ. ನಮ್ಮವರು ಮುಂದಿನ ಸಾಲಿಗೆ ಹೋಗಿ, ದಾಸರ ಕಡೆ ಬೆನ್ನು ಮಾಡಿ, ಜನರ ಕಡೆ ಮುಖ ಮಾಡಿ ಕೂತರು! ಮಗನನ್ನು ಕಳೆದುಕೊಂಡ ತಾಯಿಯ ಕಥೆ. ದಾಸರು ಒಂದಿಷ್ಟು ಹೊತ್ತು ಸಹಿಸಿದರು. ಆಮೇಲೆ ತಾಳ ನಿಲ್ಲಿಸಿ, "ರೈಟ್ರೇ, ಕಥೆ ಈ ಕಡೆ ನಡೀತಾ ಇದೆ" ಎಂದರು.

"ನೀವು ಹೇಳಿ ದಾಸ್ರೇ. ಅದು ನಡೀತಾ ಇರೋದು ಈ ಕಡೆ" ಎಂದು ನಮ್ಮವರು ಅಳುತ್ತಿದ್ದ ಹೆಂಗಸರನ್ನು ತೋರಿಸಿದರು.

ಆ ಹೆಂಗಸರಲ್ಲಿ ನಾನೂ ಇದ್ದೆ. ಬೇಡವೆಂದರೂ ಕಣ್ಣಲ್ಲಿ ಧಾರೆ. ಅವರು ನನ್ನನ್ನೇ ನೋಡುತ್ತಿದ್ದರು. ಎಷ್ಟು ಹೊತ್ತು ನೋಡಿದರು ಎಂದರೆ, ಪಕ್ಕದವಳು ನನ್ನನ್ನು ತಿವಿದಳು. ಹಿಂದಿರುಗುವ ದಾರಿಯಲ್ಲಿ ಅವರ ಪಕ್ಕಕ್ಕೇ ಬಂದು ನಡೆದೆ. ಇವತ್ತು ಹೇಳುತ್ತಾರೆ, ಅಳುವಾಗ ಚಂದ ಕಾಣುತ್ತಿದ್ದೆ ಎಂದಾದರೂ ಹೇಳುತ್ತಾರೆ ಎಂದುಕೊಂಡೆ. ತೋಡಿನ ನೀರು ದಾಟುವಾಗ ಅವರೇ ಮಾತು ತೆಗೆದರು.

"ಇವತ್ತು ನಿನ್ನನ್ನ ನೋಡ್ತಾ ಇದ್ದೆ."

"ಹೂಂ?"

"ಬೇರೆಯವರೆಲ್ಲ ಕಣ್ಣಲ್ಲಿ ಅಳ್ತಾರೆ. ನೀನು ಮೂಗಲ್ಲಿ ಅಳ್ತೀಯ."

ಆ ರಾತ್ರಿ ಅವರಿಗೆ ಸಾರಿಗೆ ಉಪ್ಪು ಹಾಕಲಿಲ್ಲ. ಅವರಿಗೆ ಅದು ಗೊತ್ತಾಗಲೂ ಇಲ್ಲ!

ಮಗಳು ಹುಟ್ಟಿದಳು. ಹಣ್ಣಾದ ಕಾಫಿಯಂತೆ ಕೆಂಪಗೆ, ಸುಕ್ಕು ಸುಕ್ಕಾಗಿ, ತಲೆಯಲ್ಲಿ ಒಂದು ಕೂದಲಿಲ್ಲದೆ. ಸೂಲಗಿತ್ತಿ ಬಟ್ಟೆ ಸುತ್ತಿ ತಂದು ತೋರಿಸಿದ ತಕ್ಷಣ ನಮ್ಮವರು, "ಚಂದ!" ಎಂದರು. ಸಂತೋಷವಾಯಿತು. ಹೊಟ್ಟೆ ಉರಿಯಿತು. ಹೆತ್ತ ಮಗುವಿನ ಮೇಲೆ ಹೊಟ್ಟೆಕಿಚ್ಚು ಪಟ್ಟ ತಾಯಿಯನ್ನು ನೀವು ಕಂಡಿದ್ದೀರಾ? ಆ ಸುಕ್ಕು ಮುಖಕ್ಕೆ ಒಂದು ಕ್ಷಣದಲ್ಲಿ ಸಿಕ್ಕಿದ ಮಾತು ನನಗೆ ಇಷ್ಟು ವರ್ಷ ಸಿಕ್ಕಿಲ್ಲ!

ಅತ್ತೆ ತೀರಿಕೊಂಡಾಗ ನಡೆದದ್ದನ್ನು ಹೇಳಿದರೆ ನಗಬೇಕೋ ಬೇಡವೋ ನನಗೆ ಈಗಲೂ ತಿಳಿಯದು. ಅಳುವಿನ ಬಗ್ಗೆ ಅಷ್ಟು ಮಾತಾಡುತ್ತಿದ್ದ ಮನುಷ್ಯನಿಗೆ ಒಂದು ಹನಿ ಅಳು ಬರಲಿಲ್ಲ. ಬಂಧುಗಳು ಮುಖ ಮುಖ ನೋಡಿಕೊಂಡರು. ಮೇಸ್ತ್ರಿ ಹತ್ತಿರ ಬಂದು, "ರೈಟ್ರೇ, ಜನ ನೋಡ್ತಾ ಇದಾರೆ, ಸ್ವಲ್ಪ ಅಳಿ" ಎಂದ. "ಬರ್ತಾ ಇಲ್ಲ ಮಾರಾಯ, ಎಂಥ ಮಾಡೋದು?" ಎಂದರು ದಿಕ್ಕು ತೋಚದವರಂತೆ. ಮಣ್ಣು ಮಾಡಿ ಬಂದು ಬಹಳ ದಿನವಾದ ಮೇಲೆ, ಏನೋ ಹುಡುಕುವಾಗ ಅತ್ತೆಯ ನಶ್ಯದ ಡಬ್ಬಿ ಕೈಗೆ ಸಿಕ್ಕಿತು. ಮುಚ್ಚಳ ತೆಗೆದರು. ಒಂದು ಸೀನು ಬಂತು, ಇನ್ನೊಂದು ಬಂತು, ಮೂರನೆಯದು ಸೀನಾಗಿ ಹೊರಟು ಅಳುವಾಗಿ ಹೊರಬಂತು. ನೆಲಕ್ಕೆ ಕುಸಿದು, ಮಕ್ಕಳ ಹಾಗೆ ದನಿ ತೆಗೆದು ಅತ್ತರು. ನಾನು ಬೆನ್ನು ಸವರುತ್ತ ಕೂತೆ. ಕೊನೆಗೆ ಮುಖ ಒರೆಸಿಕೊಂಡು, "ಇದು ಯಾವ ಬಗೆ ಅಂತ ದೊರೆ ಹೇಳಿರಲಿಲ್ಲ" ಎಂದರು.

ಮಗಳು ಬೆಳೆದು ನನ್ನ ಪಕ್ಷ ಸೇರಿದಳು. ಯುದ್ಧದ ಕಾಲ. ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯ ಮೇಲೆ ಓಡುವ ಬಸ್ಸುಗಳು. ಏರು ಬಂದರೆ ಜನ ಇಳಿದು ತಳ್ಳಬೇಕು. ಚಿಕ್ಕಮಗಳೂರಿಗೆ ಹೋಗಲು ಮೂವರೂ ರಸ್ತೆಯ ಬದಿ ಕಾಯುತ್ತಿದ್ದೆವು. ಮಗಳು ಇದ್ದಕ್ಕಿದ್ದಂತೆ ಕೇಳಿದಳು:

"ಅಪ್ಪಯ್ಯ, ನಾನು ಚಂದ ಅಂದಿದ್ರಂತೆ. ಅವ್ವ ಯಾವುದು? ಚಂದವೋ, ಭವ್ಯವೋ?"

ನಾನು ದೂರದ ಮರವನ್ನು ನೋಡುವವಳಂತೆ ನಿಂತೆ. ನಮ್ಮವರು "ಬಸ್ಸು ಬಂತು!" ಎಂದು ಚೀಲ ಎತ್ತಿಕೊಂಡು ತಿರುವಿನ ಕಡೆ ಓಡಿದರು. ಬಸ್ಸು ಬಂದಿರಲಿಲ್ಲ. ಆ ದಿನ ಅದು ಬರಲೇ ಇಲ್ಲ. ಇಲ್ಲದ ಬಸ್ಸಿಗೆ ಓಡಿದ ಗಂಡಸು ತಿರುವಿನಲ್ಲಿ ಎಷ್ಟೋ ಹೊತ್ತು ಒಬ್ಬರೇ ನಿಂತಿದ್ದರು, ನಮ್ಮ ಕಡೆ ತಿರುಗಲು ಧೈರ್ಯವಿಲ್ಲದೆ. "ಅವ್ವ, ಅಪ್ಪಯ್ಯಂಗೆ ನಿನ್ನನ್ನ ಕಂಡ್ರೆ ಹೆದರಿಕೆ" ಎಂದಳು ಮಗಳು. ನಾನು ನಕ್ಕೆ. ಒಳಗೆ ಮಾತ್ರ ಮುಳ್ಳು ಇನ್ನಷ್ಟು ಕೆಳಗಿಳಿಯಿತು. ಇಲ್ಲ ಎಂದು ಹೇಳಲು ಮನಸ್ಸಾಗದೆ ಓಡಿದರು ಎಂದುಕೊಂಡೆ. ಬೇರೆ ಏನು ತಿಳಿಯಲಿ?

ನಮ್ಮವರು ತೀರಿಕೊಂಡ ಮೇಲೆ ಊರ ಹೆಂಗಸರು ಬಂದು ನನ್ನ ಜೊತೆ ಕೂತು ಅತ್ತರು. ಒಬ್ಬಾಕೆ ತಬ್ಬಿಕೊಂಡು, "ಎಂಥಾ ಗಂಭೀರ ಮನುಷ್ಯ ತಾಯೀ!" ಎಂದಾಗ ನನಗೆ ಪಲ್ಪರ್ ತೊಟ್ಟಿ ನೆನಪಾಯಿತು. ಲೋಳೆ ಇಳಿಯುವ ಆ ದೊಡ್ಡ ಕಿವಿಗಳು! ನಗು ಒತ್ತರಿಸಿ ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡೆ, ಮೈಯೆಲ್ಲ ಅಲುಗಿತು. ನೋಡಿದವರು ದುಃಖ ಎಂದುಕೊಂಡು ಇನ್ನೂ ಗಟ್ಟಿಯಾಗಿ ಅತ್ತರು. ಅದು ದುಃಖವಲ್ಲ ಎಂದು ಈಗ ಹೇಳಲು ಹೊರಟರೆ, ಅದೂ ನಿಜವಲ್ಲ. ಬರೆಯಲು ಕೂತರೆ ಇದನ್ನು ಬಿಡಿಸಿಕೊಳ್ಳಬಹುದು ಎಂದುಕೊಂಡಿದ್ದೆ. ಆಗುತ್ತಿಲ್ಲ. ಬರೆದಷ್ಟೂ ಸಿಕ್ಕು ಹೆಚ್ಚಾಗುತ್ತಿದೆ.

ಅವರಿಗೆ ಬಂದದ್ದು ನಮ್ಮ ಕಡೆ ಎಲ್ಲರಿಗೂ ಬರುವ ಚಳಿಜ್ವರವೇ. ಕ್ವಿನೈನು ಕುಡಿಸಿದೆ. ಮೂಡಿಗೆರೆಯ ಡಾಕ್ಟರು ಬಂದು ಹೋದರು. ಜ್ವರ ಇಳಿಯುವುದು, ಏರುವುದು. ಗಿಡ್ಡ ಮನುಷ್ಯ ಹಾಸಿಗೆಯಲ್ಲಿ ಇನ್ನೂ ಗಿಡ್ಡಗಾದರು. ಹೋಗುವುದಕ್ಕೆ ಸ್ವಲ್ಪ ಮುಂಚೆ ಒಂದು ಮಧ್ಯಾಹ್ನ ಜ್ವರ ಬಿಟ್ಟಿತ್ತು, ಮಾತು ಸ್ಪಷ್ಟವಾಗಿತ್ತು. ಮನೆಯಲ್ಲಿ ನಾವಿಬ್ಬರೇ. ಒಲೆಯ ಮೇಲೆ ಹಾಲಿಟ್ಟು ಬಂದು ಗಂಜಿ ಕುಡಿಸುತ್ತಿದ್ದೆ. ಇನ್ನು ಯಾವಾಗ ಕೇಳುವುದು ಎನ್ನಿಸಿತು. ಕೇಳಿಬಿಟ್ಟೆ.

"ಇಲ್ಲಿ ಕೇಳಿ. ಇವತ್ತು ಓಡೋಕೆ ನಿಮ್ಮ ಕಾಲಲ್ಲಿ ಶಕ್ತಿ ಇಲ್ಲ. ಒಂದು ಮಾತು ಹೇಳಿಬಿಡಿ. ನಾನು ಯಾವುದು?"

"ಜ್ವರದವನನ್ನ ಹಿಡ್ಕೊಂಡು ಪೊಲೀಸಿನವರ ಹಂಗೆ ವಿಚಾರಣೆ ಮಾಡ್ತೀಯಲ್ಲ ಮಾರಾಯ್ತಿ" ಎಂದು ನಕ್ಕರು.

"ಎರಡೂ ಅಲ್ಲ ಅಂದ್ರೂ ಬೇಜಾರಿಲ್ಲ. ಕಪ್ಪು ಅಂತ ಗೊತ್ತು. ಈಗ ತಲೇನೂ ನರೀತಾ ಬಂತು. ಹೇಳಿ, ಮುಗೀಲಿ."

ಅವರು ನಗು ನಿಲ್ಲಿಸಿದರು. "ಆ ಲೋಟ ಕೆಳಗಿಡು. ಕಿಟಕಿ ಹತ್ರ ಕೂತ್ಕೋ. ಬೆಳಕಿಗೆ" ಎಂದರು.

ಕೂತೆ. ದಿಂಬಿಗೆ ಒರಗಿ ನೋಡತೊಡಗಿದರು. ಕಣ್ಣು ಗುಳಿಬಿದ್ದಿತ್ತು, ನೋಟ ಮಾತ್ರ ಗಟ್ಟಿಯಾಗಿತ್ತು. ಹಣೆ ನೋಡಿದರು, ಕೈ ನೋಡಿದರು, ಮತ್ತೆ ಮುಖಕ್ಕೆ ಬಂದರು. ನಾನು ಕಾದೆ. ಕೊನೆಗೆ ತಲೆಯಾಡಿಸಿದರು.

"ಗೊತ್ತಾಗ್ತಾ ಇಲ್ಲ ಕಣೇ."

"ಎಂಥದು ಗೊತ್ತಾಗ್ತಾ ಇಲ್ಲ?"

"ಅವತ್ತು ನಿಮ್ಮ ಮನೇಲೂ ಗೊತ್ತಾಗ್ಲಿಲ್ಲ. ಆಮೇಲೂ ಗೊತ್ತಾಗ್ಲಿಲ್ಲ. ಬೇರೆ ಎಲ್ಲದಕ್ಕೂ ತಕ್ಷಣ ಒಂದು ಮಾತು ಬರ್ತಿತ್ತು. ನಿನ್ನನ್ನ ಕಂಡ್ರೆ ಮಾತ್ರ..." ದಮ್ಮು ಕಟ್ಟಿತು. ಸುಧಾರಿಸಿಕೊಂಡು, "ಏಳಬೇಡ. ಇನ್ನೊಂಚೂರು ನೋಡ್ತೀನಿ" ಎಂದರು.

ಒಳಗೆ ಹಾಲು ಉಕ್ಕಿತು. ಒಲೆಗೆ ಬಿದ್ದು ಚುರ್ ಎಂದಿತು. ಸೀದ ವಾಸನೆ ಮನೆಯೆಲ್ಲ ತುಂಬಿತು. ಹಾಲು ಉಕ್ಕಿದರೆ ಏಳದೆ ಕೂತವಳಲ್ಲ ನಾನು. ಆ ದಿನ ಕೂತೆ. ಕಿಟಕಿಯ ಬೆಳಕು ಹೋಗುವವರೆಗೂ ಅವರು ನೋಡುತ್ತಿದ್ದರು. ನಾನು ನೋಡಿಸಿಕೊಳ್ಳುತ್ತಿದ್ದೆ.